ಸವ್ಯಸಾಚಿಯ ಎಡಗೈ

ಫೆಬ್ರವರಿ ೩, ಸೋಮವಾರ. ಸಂಭಾಜಿನಗರ

ಪೂಜೆ ಮುಗಿಯಿತು. ಎಡ ಅಂಗೈಯಲ್ಲಿದ್ದ ಇಷ್ಟಲಿಂಗವನ್ನು ಕರಡಿಗೆಗೆ ಇಳಿಸುವಷ್ಟರಲ್ಲಿ ನಾಸಿಕದಿಂದ ಮಗ ರವಿಕಾಂತನ ಫೋನು. ಅಲ್ಲಿಯ ಅಂಬಡ್‌ನ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷಿನ್ನಿನ ಕೆಲಸ ಅವನದು. ಎರಡೂ ಕೈಗಳಿಂದ ಎರಡು ಬಟನ್ ಒತ್ತಿದರೆ ಮಾತ್ರ ಅದು ಇಳಿಯಬೇಕು — ಕೈ ಒಳಗೆ ಉಳಿಯದಿರಲೆಂದು. ಕೆಲಸ ಬೇಗ ಸಾಗಲೆಂದು ಸೂಪರ್‌ವೈಸರ್ ಸುಧಾಕರ ಒಂದನ್ನು ಸದಾ ಒತ್ತಿಯೇ ಇರುವಂತೆ ಕಟ್ಟಿಸಿಬಿಟ್ಟಿದ್ದಾನೆ.

"ಈಗ ಒಂದ್ ಕೈಲೆ ಬಟನ್, ಇನ್ನೊಂದರಲೆ ತಗಡು. ಬಲಗೈ ಸೋತ್ರ ಎಡಗೈ. ಸಾಹೇಬ್ರು ನನಗ ಸವ್ಯಸಾಚಿ ಅಂತಾರ್ರಿ ಅಪ್ಪಾ!"

ಅರ್ಜುನನ ಆ ಪುರಾತನ ಬಿರುದು ಕೇಳಿ ಹಿಗ್ಗಿದೆ. ಹೆಂಡತಿ ಪ್ರೇಮಾಬಾಯಿ ಒಳಗಿನಿಂದಲೇ, "ಎಡಗೈಲೆ ಉಣ್ಣಬ್ಯಾಡಂತ ನಾ ಹೊಡದಿದ್ದು ದಂಡ ಆಯ್ತು ನೋಡ್ರಿ" ಎಂದಳು.

ಫೆಬ್ರವರಿ ೧೩, ಗುರುವಾರ. ನಾಸಿಕ, ಆಸ್ಪತ್ರೆ

ರವಿಯ ಎಡಗೈ ಉಳಿಯಲಿಲ್ಲ. ಮಣಿಕಟ್ಟಿನಾಚೆ ಏನೂ ಇಲ್ಲ. ಬಲಗೈ ಬಟನ್ ಒತ್ತಿದಾಗ ಎಡಗೈ ಇನ್ನೂ ತಗಡಿನ ಮೇಲಿತ್ತು...

ಸುಧಾಕರ ದ್ರಾಕ್ಷಿ ತಂದಿದ್ದ. "ಕಾಕಾ, ಉಜವಾ ಹಾತ ಆಹೇ ನಾ" — ಬಲಗೈ ಇದೆಯಲ್ಲವೇ ಎಂಬ ಸಾಂತ್ವನ. ಪ್ರೇಮಾಬಾಯಿ ಆ ಚೀಲವನ್ನು ಅವನ ಕೈಗೇ ಮರಳಿಸಿದಳು.

ಫೆಬ್ರವರಿ ೨೬, ಬುಧವಾರ. ಶಿವರಾತ್ರಿ. ಅಂಬಡ್, ರವಿಯ ಖೋಲಿ

ಲಿಂಗಪೂಜೆಯಿಲ್ಲದೆ ಉಣ್ಣಲಾರೆನೆಂಬುದು ಬಾಲ್ಯದಿಂದಲೂ ರವಿಯ ನೇಮ. ಲಿಂಗ ಕೂಡಿಸುವ ಎಡ ಅಂಗೈಯೇ ಇಲ್ಲದೆ, ಆಸ್ಪತ್ರೆಯಲ್ಲಿ ಸಲೈನ್ ಮೇಲಿದ್ದವನು ಮನೆಗೆ ಬಂದಾಗಿನಿಂದ ಹಾಲಿನ ಹೊರತು ಏನೂ ಮುಟ್ಟಿಲ್ಲ.

"ಬಲ ಅಂಗೈಮ್ಯಾಲೆ ಕೂಡಿಸ್ಕೊ" ಎಂದೆ.

"ಕೂಡಿಸ್ದೆ ಅನ್ರಿ. ಪತ್ರಿ ಏರಸ್ಲಿಕ್ಕ ಕೈ ಎಲ್ಲಿ ಅದ?"

ಸೊಸೆ ಅಶ್ವಿನಿ ಮೆಲ್ಲನೆ, "ಮಾವಾರ, ನಿಮ್ಮ ಅಂಗೈ ಕೊಡ್ರಲ್ಲ" ಎಂದಳು.

ದೀಕ್ಷೆಯಲ್ಲಿ ಪಡೆದ ಲಿಂಗ ಪರಹಸ್ತಕ್ಕೆ ಹೋಗಲಾಗದು. ಜೀವಮಾನವಿಡೀ ನಾನೇ ಭಕ್ತರಿಗೆ ಬೋಧಿಸಿದ ಮಾತು. ಅಂಗೈ ಮಡಚಿಕೊಂಡೆ.

ಮಾರ್ಚ್ ೨, ಭಾನುವಾರ. ಮಧ್ಯಾಹ್ನ

ಜ್ವರ ಏರಿತು. ಉಣ್ಣದಿದ್ದರೆ ಗಾಯ ಮಾಯದು, ತೋಳೂ ಹೋದೀತು ಎಂದರು ಡಾಕ್ಟರು. ಸ್ನಾನ ಮಾಡಿ ಬಂದು ಮಗನ ಮಗ್ಗುಲಲ್ಲಿ ಕುಳಿತೆ. ಆ ಮೋಟು ಮಣಿಕಟ್ಟಿನ ಮುಂದೆ ನನ್ನ ಎಡ ಅಂಗೈ ಚಾಚಿದೆ.

"ಶಾಸ್ತ್ರಕ್ಕ ಬರ್ತದೇನ್ರಿ?"

"ಮೊದಲ ಕೊಡೋ."

ಕರಡಿಗೆಯ ದಾರವನ್ನು ಹಲ್ಲಿನಿಂದ ಬಿಚ್ಚಿದ. ಲಿಂಗ ನನ್ನ ಅಂಗೈಗೆ ಇಳಿಯಿತು. ಮುಪ್ಪಿನ ಕೈ... ನಡುಕ ನಿಲ್ಲದು. ಏರಿಸಿದ ಬಿಲ್ವ ಜಾರಿ ಹಾಸಿಗೆಗೆ ಬಿತ್ತು. ಹೆಕ್ಕಿ ಮತ್ತೆ ಏರಿಸಿದ.

"ಗಟ್ಟಿ ಹಿಡೀರಿ ಅಪ್ಪಾ."

ಅಶ್ವಿನಿ ರೊಟ್ಟಿ ನೆನೆಸಿ ತಂದಳು. ತುತ್ತು ಬಾಯಿಗೆ ಹೋಯಿತು. ಅಗಿಯುತ್ತ, ನನ್ನ ಕೈಯನ್ನೇ ದಿಟ್ಟಿಸುತ್ತ ಕೇಳಿದ:

"ನೀವ್ ಇಲ್ಲದ ದಿನ?"

ಅದಕ್ಕೆ ನಾನು ಅಶ್ವಿನಿಯನ್ನು ಹತ್ತಿರ ಕರೆದು, ಅವಳ ಎಡ ಅಂಗೈಯನ್ನು ನನ್ನ ಅಂಗೈಯ ಅಡಿಗೆ ಆನಿಸಿದೆ.