ಮಂಗಳವಾರದ ಸಾಲು

ಮಾನ್ಯ ಶ್ರೀಮತಿ ಕ್ವೇಸನ್ ಅವರಿಗೆ ಅಪಾಮ್ ಊರಿನಿಂದ ನಮಸ್ಕಾರ.

ಪ್ರವಾಸಿಗರ ಕೈಪಿಡಿಗೆ ನಾನು ಬರೆದುಕೊಟ್ಟ ಘಾನಾ ದೇಶದ ಪರಿಚಯವನ್ನು ನೀವು ತಿದ್ದಿ ಕಳಿಸಿದ್ದು ತಲುಪಿತು. ರಾಜಧಾನಿ, ಕೋಕೋ, ಚಿನ್ನ ಎಲ್ಲ ಉಳಿದಿವೆ. ‘ಮಂಗಳವಾರ ನಮ್ಮ ಕರಾವಳಿಯಲ್ಲಿ ಯಾರೂ ಮೀನಿಗೆ ಹೋಗುವುದಿಲ್ಲ’ ಎಂಬ ಸಾಲನ್ನು ಮಾತ್ರ ಹೊಡೆದು, ಪಕ್ಕದಲ್ಲಿ ‘ಇರ್ರೆಲೆವೆಂಟ್’ ಎಂದು ಬರೆದಿದ್ದೀರಿ. ಕಾಲೇಜಿನ ಇಂಗ್ಲಿಷ್ ಅರ್ಧ ಮರೆತಿದ್ದರೂ ಆ ಪದ ಗೊತ್ತು: ಅಪ್ರಸ್ತುತ.

ನನ್ನ ಹೆಂಡತಿ ಎಫುವಾ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಿದ್ದಳು. ಮೀನು ಬಾರದ ಆ ಒಂದು ದಿನ ಮಾತ್ರ ನನ್ನ ಪಕ್ಕ ಕೂರುತ್ತಿದ್ದಳು. “ಕಡಲಿಗೇ ಇವತ್ತು ರಜ, ನಿಮ್ಮ ಬಾಯಿಗೂ ಒಂಚೂರು ಕೊಡಿ ಮೇಷ್ಟ್ರೇ,” ಅನ್ನುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಮಾತು ಎಲ್ಲಿಗೋ ಹೋಯಿತು, ಕ್ಷಮಿಸಿ.

ಆ ಸಾಲನ್ನು ಉಳಿಸಿ. ಜಾಗ ಸಾಲದಿದ್ದರೆ ಬರೆದವನ ಹೆಸರು ತೆಗೆಯಿರಿ.

ಉತ್ತರಕ್ಕೆ ಕಾಯುವ,
ಫೀಫಿ ಎಸ್ಸುಮನ್