ಎಸ್ಕೇಪ್ ಕೆಳಗಿನ ಬಟನ್

ಮುಬಶ್ಶೀರ,

ನಿನಗೇನಪ್ಪ, ಮಾಡಿಟ್ಟು ಹೋದೆ, ಬೈಸಿಕೊಳ್ಳುವವನು ನಾನು. ಭಾಲ್ಕಿಯ ಲ್ಯಾಬಿನಲ್ಲಿ ಎಸ್ಕೇಪ್ ಬಟನ್ ಕೆಟ್ಟಿದೆಯೆಂದು, ಟೈಪಿಂಗ್ ನಿಲ್ಲಿಸುವ ಅದರ ಕೆಲಸವನ್ನು ನೀನು ನಮ್ಮ ಯುನಿಕ್ಸ್ ಎಡಿಟರಿನಲ್ಲಿ ಕೆಳಗಿನ ಬಟನ್ನಿಗೆ ಹಚ್ಚಿದೆ. "ಹೊಸ ಕೀಬೋರ್ಡ್ ಬರ್ಲಿ, ತಗೀತೇನಿ" ಅಂದಿದ್ದೆ. ಕೀಬೋರ್ಡ್ ಬಂದಾಗ ನೀನೇ ಇರಲಿಲ್ಲ. ಅಂದಿನಿಂದ ಆ ಕೋಡನ್ನು ರಿಪೇರಿ ಮಾಡುತ್ತ ಕೂತವನು ನಾನೊಬ್ಬನೇ.

ಇವತ್ತು, ಅದೇ ಎಡಿಟರ್ ಬಳಸುವ ಔರಾದದ ಕಾಲೇಜಿನಿಂದ ಜೇಬಾ ಮೇಡಂ ಫೋನಿನಲ್ಲೇ ರೇಗಿದರು: "ಆ ಬಟನ್ ಒತ್ತಿದ್ರ ಟೈಪಿಂಗ್ ಬಂದ್ ಆಗ್ತದ್ರಿ. ಹುಡುಗರಿಗಿ ಏನ್ ಹೇಳ್ಲಿ? ತಗದ್ ಹಾಕ್ರಿ."

ನನಗೂ ಸಾಕಾಗಿತ್ತು. ಕೋಡಿನಿಂದ ಅದನ್ನು ತೆಗೆದೇಬಿಟ್ಟೆ.

ಸರಿಯಾಯಿತೇ ಎಂದು ನೋಡಲು ಒಂದು ಸಾಲು ಟೈಪ್ ಮಾಡಿದೆ. ಮುಗಿಸುವಾಗ ನನ್ನ ಬೆರಳು ಹೋದದ್ದು ನಿನ್ನ ಬಟನ್ನಿಗೇ, ದರಿದ್ರದ್ದು.

ಮತ್ತೆ ಮೊದಲಿನಂತೆ ಹಾಕಿದೆ. ಮೇಡಂಗೆ ಫೋನ್ ಮಾಡಿ ಹೇಳಿದೆ: "ಹೊಸ ಕೀಬೋರ್ಡ್ ಬರ್ಲಿರಿ, ತಗೀತೇನಿ."