ಫಿಲ್ಟರಿಗೆ ಕುಮಿಸ್ ಕುಡಿಸಿದ್ದು

ಮೊಮ್ಮಗಳು ನುರ್ಜಾತಳಿಗೆ ಬೆಟ್ಟದ ಬೇಸಿಗೆ ಬೀಡಿನಿಂದ ಅಜ್ಜಿಯ ಮುತ್ತು.

ಚಾರಣಿಗರಿಗೆಂದು ನೀನು ಬಿಟ್ಟುಹೋದ ನೀರಿನ ಫಿಲ್ಟರ್ ಕಟ್ಟಿಕೊಂಡಿದೆ. ನಾನೇನೂ ಮಾಡಲಿಲ್ಲ. ಕುಮಿಸಿನಲ್ಲಿ ಕುದುರೆಯ ಕೂದಲು ಬಿದ್ದಿತ್ತು, ಸೋಸಿದೆ, ಅಷ್ಟೇ. ಸಾವಿರ ಸಲ ಕಡೆದು ಹುಳಿಬರಿಸಿದ ಆ ಕುದುರೆಹಾಲನ್ನು ಅದು ಕೊಳೆಯೆಂದು ತಿಳಿದು ಒಳಗೇ ಹಿಡಿದುಕೊಂಡಿತು, ನಾಲ್ಕು ಹನಿ ತಿಳಿನೀರು ಉಗುಳಿತು. ಪಕ್ಕದ ಡೇರೆಯ ಝೂರಾ ಬಗ್ಗಿ ನೋಡಿ, "ಇಷ್ಟೇನಾ ಅಕ್ಕಾ? ಇಷ್ಟು ವರ್ಷ ನಮಗೆ ನೀರೇ ಕುಡಿಸ್ತಿದ್ಯಾ?" ಎಂದಳು. ಹಳ್ಳದ ಮೇಲ್ಗಡೆ ನಿಂತು ನೀರು ಕೆಡಿಸುವುದು ಅವಳ ಕುರಿಗಳೇ, ಬಾಯಿ ಮಾತ್ರ ನೋಡು!

ಗುರುವಾರ ನಿನ್ನ ಮೊದಲ ಗುಂಪು ಬರುತ್ತದೆ. ಅವರ ಹೊಟ್ಟೆ ಕೆಟ್ಟರೆ ನಿನಗೆ ಸಿಕ್ಕ ಈ ಮಾರ್ಗದರ್ಶಿ ಕೆಲಸವೂ ಕೆಡುತ್ತದೆ. ಡೇರೆಯಲ್ಲಿರುವಷ್ಟು ಹೊತ್ತು ಚಹಾ ಕುದಿಸಿ ಕೊಟ್ಟೇನು, ಸಮೋವರ್ ಹಂಡೆ ಹೊತ್ತು ಬೆಟ್ಟದಾಚೆಗೂ ಅವರ ಹಿಂದೆ ಓಡಲಾರೆ. ಆದ್ದರಿಂದ ಹೊಸದು ಕೊಳ್ಳುವಾಗ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಲು ಬರುವಂಥ ಫಿಲ್ಟರನ್ನೇ ಆರಿಸು. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದರೆ ಒಡೆಯುತ್ತದಂತೆ, ನನ್ನ ಹೊದಿಕೆಯೊಳಗೆ ಮಲಗಿಸಿಕೊಳ್ಳುತ್ತೇನೆ. ಅಂಗಡಿಯವನ ಮುಂದೆ ಕುಮಿಸಿನ ಮಾತೆತ್ತಬೇಡ.

ಎರಡು ತಾ. ಒಂದನ್ನು ನನಗೆ ತೋರಿಸು, ಇನ್ನೊಂದನ್ನು ನನ್ನಿಂದ ಬಚ್ಚಿಡು.

ನಿನ್ನ ಅಜ್ಜಿ,
ಉಮ್ಸುನಾಯ್